ಎಸ್ತರಳಿಗೆ ನಮ್ಮ ಸೀಮೆ ತೋರಿಸಿದ ಐದು ದಿನ

ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಹುಣಸೂರಿನ ಬಸ್ಸು ಹತ್ತುವ ಮೊದಲೇ ನಾನು ಇಬ್ಬರ ಜೊತೆ ಜಗಳವಾಡಿ ಮುಗಿಸಿದ್ದೆ. ಒಬ್ಬ ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬ್ಯಾಗು. ಒಂದು ಮಾತೂ ಕೇಳದೆ ನನ್ನ ಗೆಳತಿ ಎಸ್ತರ್ ಮತ್ತು ಅವಳ ಮಗಳ ಫೋಟೊ ತೆಗೆಯುತ್ತಿದ್ದ. ಇನ್ನೊಬ್ಬಳು ಹೆಂಗಸು. ಹಿಂದಿನಿಂದ ಬಂದವಳೇ ಹುಡುಗಿಯ ಸಣ್ಣ ಸಣ್ಣ ಜಡೆಗಳನ್ನು ಹಿಡಿದೆಳೆದು, "ಒರಿಜಿನಲ್ಲಾ, ಡೂಪ್ಲಿಕೇಟಾ?" ಎಂದು ನನ್ನನ್ನು ಕೇಳಿದಳು. "ನಿನ್ನ ಜುಟ್ಟು ಹಿಡಿದು ಎಳೀಲಾ, ನೋಡೇಬಿಡಾನ" ಎಂದೆ. ಅವಳು ಮಾಯವಾದಳು. ಫೋಟೊದವನು ನನ್ನ ಕಣ್ಣೆದುರೇ ಫೋಟೊ ಅಳಿಸುವವರೆಗೂ ನಾನು ಅವನನ್ನು ಬಿಡಲಿಲ್ಲ. ಎಸ್ತರ್ ನಗುತ್ತಾ, "ಗಿರಿಜಾ, ನೀನು ಒಂದಿಷ್ಟೂ ಬದಲಾಗಿಲ್ಲ" ಎಂದಳು.

ಎಸ್ತರ್ ಮಲಾವಿ ದೇಶದವಳು. ಆಫ್ರಿಕಾದ ಪೂರ್ವದ ಕಡೆ ಇರುವ ಸಣ್ಣ ದೇಶ ಅದು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಹಾಗೆ ಅಲ್ಲೂ ಹೊಲದ ತುಂಬ ಹೊಗೆಸೊಪ್ಪು. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಹೊಗೆಸೊಪ್ಪನ್ನು ಬ್ಯಾರನ್ ಎನ್ನುವ ಎತ್ತರದ ಕೋಣೆಯಲ್ಲಿ ತೂಗುಹಾಕಿ ಬೆಂಕಿಯ ಶಾಖ ಕೊಟ್ಟು ಹದ ಮಾಡಿಸುವುದರಲ್ಲಿ ಕೈ ಪಳಗಿತ್ತು. ಅದೇ ಕೆಲಸಕ್ಕೆ ಕಸುಂಗು ಎಂಬ ಊರಿನ ಒಂದು ಎಸ್ಟೇಟಿನವರು ಕರೆಸಿಕೊಂಡರು. ನಾನೂ ಹೋದೆ. ಎಂಟು ವರ್ಷ ಇದ್ದೆವು. ಮೂರು ವರ್ಷದ ಹಿಂದೆ ಹುಣಸೂರಿಗೆ ವಾಪಸು ಬಂದೆವು. ಎಸ್ತರ್ ಅದೇ ಎಸ್ಟೇಟಿನ ಶೆಡ್ಡಿನಲ್ಲಿ ಸೊಪ್ಪಿನ ಗ್ರೇಡ್ ಬೇರೆ ಮಾಡುವವರ ಮೇಸ್ತ್ರಿ. ಆ ದೇಶವನ್ನು ನನಗೆ ತೋರಿಸಿದವಳು ಅವಳೇ. ಲಿಲೊಂಗ್ವೆಯ ಹಳೇ ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಜೊಂಬಾದ ಬೆಟ್ಟಕ್ಕೆ ತೊಡೆಯ ಮೇಲೆ ಯಾರದೋ ಕೋಳಿ ಕೂರಿಸಿಕೊಂಡು ವ್ಯಾನಿನಲ್ಲಿ ಹತ್ತಿಸಿದಳು. ಆಚೆ ದಡವೇ ಕಾಣದ ಅವರ ದೊಡ್ಡ ಸರೋವರದ ನೀರಿನಲ್ಲಿ, ಸೀರೆ ಮೊಣಕಾಲಿಗೆ ಎತ್ತಿಸಿ, ನನ್ನನ್ನು ಸಂಜೆಯವರೆಗೆ ನಡೆಸಿದಳು. ದಾರಿಯಲ್ಲಿ ಯಾರಾದರೂ ನನ್ನನ್ನು ಸುಮ್ಮನೆ ದಿಟ್ಟಿಸಿದರೆ ಅವಳ ಭಾಷೆಯಲ್ಲಿ ಏನೋ ಒಂದು ಮಾತು ಹೇಳುತ್ತಿದ್ದಳು, ಅವರು ತಲೆ ತಗ್ಗಿಸಿ ಹೋಗುತ್ತಿದ್ದರು.

ಅವಳ ಮಗಳು ತಿಯಾಮಿಕೆ, ಹತ್ತೊಂಬತ್ತು ವರ್ಷ. ನಾವು ಮಿಕೆ ಎನ್ನುತ್ತೇವೆ. ಮಿಕೆಗೆ ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು. ಹಾಸ್ಟೆಲ್ಲಿನಲ್ಲಿ ಜಾಗ ಇರಲಿಲ್ಲ. ನಾನು ಫೋನಿನಲ್ಲಿ, "ಹಾಸ್ಟೆಲ್ ಯಾಕೆ? ನಮ್ಮ ಮನೆ ಇದೆ. ಹುಣಸೂರಿನಿಂದ ಮೈಸೂರಿಗೆ ನಲವತ್ತೈದು ಕಿಲೋಮೀಟರ್, ಅರ್ಧ ಊರಿನ ಮಕ್ಕಳು ಹಾಗೇ ಓಡಾಡುತ್ತಾರೆ. ನನ್ನ ಮಗಳಂತೆ ಇರುತ್ತಾಳೆ" ಎಂದಿದ್ದೆ. ಎಸ್ತರ್ ಐದು ದಿನಕ್ಕೆಂದು ತಾನೇ ಬಂದಳು. ಇಬ್ಬರಿಗೂ ವಾಪಸಿನ ಟಿಕೆಟ್ ಇತ್ತು. ನಮ್ಮ ಜನ, ನಮ್ಮ ಮನೆ ಅವಳ ಮನಸ್ಸಿಗೆ ಬಂದರೆ ಹುಡುಗಿಯ ಟಿಕೆಟ್ ರದ್ದು ಮಾಡುವುದು. ಬರದಿದ್ದರೆ ಸೀಟು ಬಿಟ್ಟು ಹುಡುಗಿ ಅಮ್ಮನ ಜೊತೆ ವಿಮಾನ ಹತ್ತುವುದು. ನಾನು ಆಗಲೇ ಬೀದಿಗೆಲ್ಲ ಹೇಳಿಯಾಗಿತ್ತು, ನಮ್ಮ ಮನೆಗೆ ಒಬ್ಬಳು ಮಗಳು ಬರುತ್ತಿದ್ದಾಳೆ ಎಂದು. ನಮಗೆ ಮಕ್ಕಳಿಲ್ಲ.

ನಮ್ಮವರು ಕಾರು ತರಬೇಕಿತ್ತು. ಅದು ಗ್ಯಾರೇಜಿನಲ್ಲಿ ಕೂತಿತ್ತು. ಅದಕ್ಕೇ ಬಸ್ಸು. ಕಂಡಕ್ಟರ್ ನನಗೆ ಫ್ರೀ ಟಿಕೆಟ್ ಹರಿದು ಕೊಟ್ಟು, ಎಸ್ತರಳ ಮುಂದೆ ಕೈ ಚಾಚಿದ. "ಹೆಂಗಸರಿಗೆಲ್ಲ ಫ್ರೀ ಅಲ್ವೇನಪ್ಪ? ಇವರೇನು ಗಂಡಸರ ಹಾಗೆ ಕಾಣ್ತಾರಾ?" ಎಂದೆ. "ಆಧಾರ್ ಅದಾ ಕೇಳಕ್ಕ ಅವ್ರುನ್ನ. ಕರ್ನಾಟಕದ್ದು ಇರ್ಬೇಕು. ನನ್ ಕೆಲಸ ಕಳೀಬ್ಯಾಡಿ" ಎಂದ. ಬಸ್ಸೇ ನಕ್ಕಿತು. ನನಗೆ ಮೈ ಉರಿಯಿತು. ಎಸ್ತರ್ ಮಾತ್ರ ದುಡ್ಡು ಕೊಟ್ಟು, ಎರಡು ಟಿಕೆಟ್‌ಗಳನ್ನೂ ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡಳು. ಬಿಳಿಕೆರೆ ದಾಟಿದ ಮೇಲೆ ಎರಡೂ ಕಡೆ ಹೊಗೆಸೊಪ್ಪಿನ ಹೊಲಗಳು, ಅಲ್ಲಲ್ಲಿ ಹೊಗೆಯಾಡುವ ಬ್ಯಾರನ್‌ಗಳು ಬಂದವು. ಮಿಕೆ ಕಿಟಕಿಗೆ ಮುಖ ಒತ್ತಿ, "ಅಮ್ಮ, ಇದು ಕಸುಂಗು ತಾನೇ?" ಎಂದಳು. ಅವರ ಮಾತೆಲ್ಲ ಇಂಗ್ಲಿಷ್, ನಡುನಡುವೆ ಅವರ ಚಿಚೇವಾ. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿ ನಾನು ಸಡಗರ ಮಾಡಿದ್ದೆ. ಹಿಂದಿನ ದಿನವೇ ಬಾಳೆ ಎಲೆ ತರಿಸಿ ಒರೆಸಿಟ್ಟಿದ್ದೆ. ಕಾಫಿಗೆ ಹೊಸ ಪಿಂಗಾಣಿ ಕಪ್ಪುಗಳನ್ನು ಕೊಂಡಿದ್ದೆ, ಹೂವಿನ ಚಿತ್ರದ್ದು. ಅನ್ನ, ಹುಳಿ, ಪಲ್ಯ, ಕೋಸಂಬರಿ, ಪಾಯಸ. ಊಟಕ್ಕೆ ಮೊದಲು ಮಿಕೆ ಚೊಂಬು ತೆಗೆದುಕೊಂಡು ಮಂಡಿಯೂರಿ ನನ್ನ ಕೈಗೂ ನಮ್ಮವರ ಕೈಗೂ ನೀರು ಹಾಕಿದಳು. ಅವರ ಕಡೆ ಹಿರಿಯರಿಗೆ ಹಾಗೆ ಮಾಡುವುದು ಪದ್ಧತಿ. ಮರುದಿನ ಬೆಳಗ್ಗೆ ಇಡ್ಲಿಯನ್ನೂ ಎಲೆಯ ತುಂಡಿನ ಮೇಲೇ ಬಡಿಸಿದೆ.

ಎರಡನೆಯ ದಿನ, ಶನಿವಾರ, ಕಾರು ಸರಿಯಾಗಿ ಬಂತು. ಕೆ.ಆರ್. ನಗರದ ಮೇಲೆ ಚುಂಚನಕಟ್ಟೆಗೆ ಹೊರಟೆವು. ಕೆ.ಆರ್. ನಗರ ದಾಟಿದರೆ ಹೊಗೆಸೊಪ್ಪು ಹಿಂದಾಗಿ ನಾಲೆ, ಗದ್ದೆ. ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಮ್ಮ ಕಾರಿನತ್ತ ಕೈ ಬೀಸಿದರು. ಮಿಕೆಯೂ ಬೀಸಿದಳು. ಆಗಸ್ಟಿನ ಮಳೆಗೆ ಕಾವೇರಿ ಕೆಂಪಗೆ ತುಂಬಿ ಬಂದಿದ್ದಳು. ಬಂಡೆಯ ಮೇಲೆ ಎರಡಾಗಿ ಒಡೆದು ಬೀಳುವ ಆ ನೀರಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸಲಿಲ್ಲ. ಎಸ್ತರ್ ಚಪ್ಪಲಿ ಬಿಟ್ಟು ಬಹಳ ಹೊತ್ತು ಸುಮ್ಮನೆ ನಿಂತಳು. ನಾನು ಸುಮ್ಮನಿರಲಿಲ್ಲ. ಕಾಲಿಟ್ಟಲ್ಲೆಲ್ಲ ಒಡೆದ ಬಾಟಲಿ, ಪ್ಲಾಸ್ಟಿಕ್ ತಟ್ಟೆ, ಯಾರೋ ಮಿಂದು ಬಿಟ್ಟುಹೋದ ಒದ್ದೆ ಬಟ್ಟೆ. ಇಷ್ಟು ಚೆಂದದ ಜಾಗವನ್ನು ಇಷ್ಟು ಹೊಲಸು ಮಾಡಲು ಎಷ್ಟು ಜನ ಸೇರಿ ಎಷ್ಟು ಕಷ್ಟಪಟ್ಟಿರಬೇಕು! ಅತಿಥಿಯ ಮುಂದೆ ನನ್ನ ಮಾನ ಹೋದಂತಾಯಿತು. ಗಾಜಿನ ಚೂರುಗಳನ್ನು ಆರಿಸುತ್ತಾ ಅಲ್ಲಿದ್ದವರಿಗೆಲ್ಲ ಕೇಳಿಸುವಂತೆ ಬೈದೆ. ಕುಟುಂಬ ಸಮೇತ ಬಂದಿದ್ದ ಒಬ್ಬರು, "ನಾವೇನ್ ಮಾಡಿದ್ವಿ ಕಣಮ್ಮ, ಈಗ ಬಂದೋ" ಎಂದು ಪಕ್ಕಕ್ಕೆ ಸರಿದರು.

ಮೇಲೆ ಬಂದು ಟೀ ಅಂಗಡಿಯಲ್ಲಿ ಕೂತೆವು. ಅಂಗಡಿಯವನು ನನಗೂ ನಮ್ಮವರಿಗೂ ಗಾಜಿನ ಲೋಟದಲ್ಲಿ ಟೀ ಕೊಟ್ಟ. ಎಸ್ತರಳಿಗೂ ಮಿಕೆಗೂ ಪೇಪರ್ ಕಪ್ಪು. ನನಗೆ ಸಿಟ್ಟು ನೆತ್ತಿಗೇರಿತು.

"ಯಾಕಯ್ಯಾ, ಅವರಿಗ್ಯಾಕೆ ಬೇರೆ ಲೋಟ? ಅವರ ಬಾಯಿ ತಾಗಿದ್ರೆ ನಿನ್ನ ಲೋಟ ಕರಗಿ ಹೋಗುತ್ತಾ?"

ಅವನು ಕಕ್ಕಾಬಿಕ್ಕಿಯಾದ. "ಅಂಗಲ್ಲ ಕಣಕ್ಕ. ಪಾರಿನ್ನೋರು ಬಂದ್ರೆ ಅವ್ರೇ ಪೇಪರ್ ಕಪ್ ಕೇಳ್ತರೆ, ನಮ್ ಲೋಟ ತೊಳಿಯೋ ನೀರು ಅವ್ರಿಗೆ ಆಗಕಿಲ್ಲ ಅಂತ. ಅದ್ಕೇ ಕೊಟ್ಟೆ. ಬ್ಯಾಡ ಅಂದ್ರೆ ಬುಡಿ, ಗ್ಲಾಸಲ್ಲೇ ಕೊಡ್ತೀನಿ."

ನಿಜ ಹೇಳಿದನೋ ಜಾರಿಕೊಂಡನೋ ಗೊತ್ತಿಲ್ಲ. ಎರಡು ಗ್ಲಾಸು ಟೀ ಮತ್ತೆ ಹಾಕಿಕೊಟ್ಟು, ಅದಕ್ಕೆ ದುಡ್ಡು ಬೇಡ ಎಂದ. ಕಾರಿನಲ್ಲಿ ಮಿಕೆ, "ಆಂಟಿ, ಅವರಿಗೆ ಏನು ಹೇಳಿದಿರಿ?" ಎಂದು ಕೇಳಿದಳು. "ಎಲ್ಲರನ್ನೂ ಒಂದೇ ಥರ ನೋಡು ಎಂದೆ" ಎಂದೆ, ಗರ್ವದಿಂದ. ಎಸ್ತರ್ ಕಿಟಕಿಯ ಆಚೆ ನೋಡುತ್ತಿದ್ದಳು.

ಭಾನುವಾರ ಎಚ್.ಡಿ. ಕೋಟೆಯ ಕಡೆ. ಹುಣಸೂರಿನಿಂದ ಬೆಳಗ್ಗೆ ಆರಕ್ಕೇ ಹೊರಟೆವು, ಅಂತರಸಂತೆ ದಾಟಿ ಕಾಕನಕೋಟೆಯ ಕಾಡು ಮುಟ್ಟುವಷ್ಟರಲ್ಲಿ ಎಸ್ತರ್ ನಿದ್ದೆ ಮಾಡಿ ಎದ್ದಿದ್ದಳು. ಜೀಪಿನಲ್ಲಿ ಕಾಡು ಸುತ್ತಿದ್ದು ಎರಡು ಗಂಟೆಗೂ ಹೆಚ್ಚು. ನೂರಾರು ಜಿಂಕೆ, ಒಂದು ಕಾಡೆಮ್ಮೆಯ ಬೆನ್ನು, ದೂರದಲ್ಲಿ ತುಂಬಿದ ಕಬಿನಿಯ ಹಿನ್ನೀರು. ಆನೆ ಮಾತ್ರ ಒಂದೇ, ಅದೂ ಬಿದಿರಿನ ಹಿಂದೆ. "ಬ್ಯಾಸಿಗೇಲಿ ಬರ್ಬೇಕಿತ್ತು ಕಣಕ್ಕ, ನೀರಿನ್ ತಾವ ಹಿಂಡೇ ನಿಂತಿರ್ತವೆ" ಎಂದ ಡ್ರೈವರ್. ನಮ್ಮ ಮುಂದಿನ ಜೀಪಿನವರು ಆನೆಯನ್ನು ಬಿಟ್ಟು ತಿರುಗಿ ಕೂತು ಮಿಕೆಯ ಫೋಟೊ ತೆಗೆಯತೊಡಗಿದರು. ಕಾಡಿನಲ್ಲಿ ಕೂಗಬಾರದು ಎಂದು ಮೊದಲೇ ಹೇಳಿದ್ದರು. ನಾನು ಎದ್ದು ನಿಂತು ಕೊಡೆ ಬಿಚ್ಚಿ ಹುಡುಗಿಯ ಮುಂದೆ ಹಿಡಿದೆ. ಆನೆ ಹೊರಟೇ ಹೋಯಿತು, ಡ್ರೈವರ್ ನನಗೇ ಗದರಿದ.

ಆ ದಿನ ಸಿಟ್ಟು ಬರದ ಒಂದು ಜಾಗವೂ ಸಿಕ್ಕಿತು. ಅಂತರಸಂತೆಯ ರಸ್ತೆ ಬದಿಯಲ್ಲಿ ಒಬ್ಬ ಅಜ್ಜಿ ಕೆಂಡದ ಮೇಲೆ ಮುಸುಕಿನ ಜೋಳ ಸುಡುತ್ತಿದ್ದಳು. ಮಲಾವಿಯಲ್ಲಿ ಜೋಳವೇ ಜೀವ. ಎಸ್ತರ್ ಕಾರು ನಿಲ್ಲಿಸಲು ಹೇಳಿ ಇಳಿದವಳೇ ಅಜ್ಜಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬೀಸಣಿಗೆ ಈಸಿಕೊಂಡು ತಾನೇ ಸುಡತೊಡಗಿದಳು. ಅಜ್ಜಿ ಒಂದು ಗಳಿಗೆ ನೋಡಿ, "ಕೈ ಪಳಗದೆ ಕಣವ್ವ ಇವ್ಳುದು" ಎಂದಳು. ಆಮೇಲೆ ಮಿಕೆಯ ಜಡೆಗಳನ್ನು ನೋಡಿ, "ಮುಟ್ಟಲಾ, ಮಗ?" ಎಂದು ಕೇಳಿದಳು. ಕೇಳಿದಳು, ನೋಡಿ! ಮಿಕೆ ತಲೆ ಬಗ್ಗಿಸಿದಳು. ಅಜ್ಜಿ ಒಂದು ಜಡೆಯನ್ನು ಬೆರಳಲ್ಲಿ ಸವರಿ, "ಎಷ್ಟೊತ್ತು ಕುಂತು ಎಣುದ್ರೋ" ಎಂದಳು. ಸರಗೂರಿಗೆ ಹೋಗಿ ಹೋಟೆಲಿನಲ್ಲಿ ಊಟ ಮಾಡಿ, ಸಂಜೆಗೆ ಹುಣಸೂರು ಸೇರಿಕೊಂಡೆವು.

ಕಾಫಿ ಕುಡಿಯುವಾಗ ನಾನೇ ಕೇಳಿದೆ: "ಏನು ಯೋಚನೆ ಮಾಡಿದೆ, ಎಸ್ತರ್?"

"ನಾಳೆ ನಿನ್ನ ಗಂಡನ ಊರು ಇದೆಯಲ್ಲ. ಹಿರಿಯರ ಮನೆ ನೋಡದೆ ನಮ್ಮಲ್ಲಿ ಮಗಳನ್ನು ಎಲ್ಲೂ ಬಿಡುವುದಿಲ್ಲ. ನಾಳೆ ಆದ ಮೇಲೆ ಹೇಳುತ್ತೇನೆ" ಎಂದಳು.

ನಮ್ಮವರ ಊರು ಪಿರಿಯಾಪಟ್ಟಣದಿಂದ ಒಂಬತ್ತು ಕಿಲೋಮೀಟರ್. ಹಿರಿಯರು ಅಂದರೆ ಅಲ್ಲಿರುವುದು ನಮ್ಮ ಭಾವ, ಅವರ ಹೆಂಡತಿ ಶಿವಮ್ಮಕ್ಕ, ಅಂದರೆ ನನ್ನ ವಾರಗಿತ್ತಿ. ಸೋಮವಾರ ಬೆಳಗ್ಗೆ ಹೋದಾಗ ಜಿಟಿಜಿಟಿ ಮಳೆ. ಬ್ಯಾರನ್ನಿಗೆ ಬೆಂಕಿ ಹಾಕಿ ಐದು ದಿನವಾಗಿತ್ತು. ಸೊಪ್ಪು ಇಳಿಸುವುದು ಇವತ್ತೋ ನಾಳೆಯೋ ಎಂದು ಭಾವ ತಲೆ ಕೆಡಿಸಿಕೊಂಡು ನಿಂತಿದ್ದರು. ಎಸ್ತರ್ ಕೈಕಾಲು ತೊಳೆದವಳು ಸೀದಾ ಅಲ್ಲಿಗೇ ಹೋದಳು. ಬಾಗಿಲ ಸಂದಿಗೆ ಮೂಗಿಟ್ಟು ವಾಸನೆ ನೋಡಿದಳು. ಕೆಳಗಿನ ಸಾಲಿನಿಂದ ಒಂದು ಎಲೆ ತೆಗೆಸಿ ನಡುವಿನ ದಂಟನ್ನು ಬಗ್ಗಿಸಿದಳು. ದಂಟು ಬಗ್ಗಿತು, ಮುರಿಯಲಿಲ್ಲ. ಒಂದು ಬೆರಳೆತ್ತಿ, ಆಮೇಲೆ ಕೆನ್ನೆಗೆ ಕೈಯಿಟ್ಟು ಮಲಗುವಂತೆ ತೋರಿಸಿದಳು, ಇನ್ನೂ ಒಂದು ರಾತ್ರಿ ಎಂದು.

ಭಾವನಿಗೆ ಹಿಡಿಸಲಾರದ ಖುಷಿ. "ನಾನೂ ಅದೇ ಅಂದೆ ಕಣ್ಲಾ! ಈವಮ್ಮ ನಮ್ಮೂರೋಳೇ ಬುಡು" ಎಂದು ತಮ್ಮನ ಬೆನ್ನಿಗೆ ಗುದ್ದಿದರು. ಎಸ್ತರಳನ್ನು ಜಗುಲಿಯ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ತಮ್ಮನ ಬಾಯಿಂದ ಮಾತು ತಿರುಗಿಸಿಕೊಂಡು, ಅಲ್ಲಿಯ ಮಣ್ಣು, ಮಳೆ, ರೇಟು ಎಲ್ಲ ಕೇಳಿದರು. ಗೆದ್ದೆ ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ಶಿವಮ್ಮಕ್ಕ ಮುದ್ದೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಸ್ಟೀಲ್ ತಟ್ಟೆಗಳ ಸಾಲು. ಅದರ ತುದಿಗೆ ಎರಡು ಪೇಪರ್ ತಟ್ಟೆ, ಎರಡು ಪೇಪರ್ ಲೋಟ.

"ಇದ್ಯಾಕಕ್ಕ?" ಎಂದೆ.

"ಅವ್ರಿಗೆ."

ನನ್ನ ಬಾಯಿಂದ ಏನೇನು ಬಂತೋ ಎಲ್ಲ ಬರೆಯಲಾರೆ. ನಾಚಿಕೆ ಇಲ್ವಾ ಎಂದೆ. ಎಂಟು ವರ್ಷ ಅವಳು ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು ಎಂದೆ. ಯಾವ ಕಾಲದಲ್ಲಿದ್ದೀರಿ ಎಂದೆ. ಅಕ್ಕ ಮುದ್ದೆ ಹೊರಳಿಸುವುದನ್ನು ನಿಲ್ಲಿಸಲಿಲ್ಲ.

"ಶ್ರಾವಣ ಸ್ವಾಮಾರ ಕಣಮ್ಮಿ. ಮಡೀಲಿ ಮಾಡಿವ್ನಿ. ಅವ್ರು ಏನ್ ತಿಂತರೋ ಏನ್ ಬುಡ್ತರೋ ನಾನೇನ್ ಕಂಡಿವ್ನಿ. ಸರಿ, ನೀನೇಳು, ನಿಮ್ಮನೇಲಿ ಯಾತರಲ್ಲಿ ಇಕ್ಕುದ್ದೆ?"

"ಬಾಳೆ ಎಲೇಲಿ! ಹಬ್ಬದ ಹಾಗೆ!"

"ಮೂರು ದಿನಾನೂವೆ?"

"ಮೂರು ದಿನಾನೂ."

"ತಿಂದ್ಮೇಲೆ ಅದೂ ಬಿಸಾಕದೇ ಅಲ್ವಾ? ಕಾಪಿ?"

"ಹೊಸ ಕಪ್ಪು ತಂದಿದ್ದೆ."

"ಅವ್ರು ಹೋದ್ಮೇಲೆ ಆ ಕಪ್ಪಲ್ಲಿ ನೀನು ಕುಡೀತೀಯಾ?"

ಆ ಕಪ್ಪುಗಳನ್ನು ಬೇರೆಯಾಗಿ ತೊಳೆದು, ಹಿತ್ತಲ ಕಿಟಕಿಯ ಮೇಲೆ ಬೇರೆಯಾಗಿ ಬೋರಲು ಹಾಕುತ್ತಿದ್ದೆ. ಯಾರೂ ಹೇಳಿರಲಿಲ್ಲ. ಕೈ ತಾನೇ ಮಾಡುತ್ತಿತ್ತು, ನಾನು ಗಮನಿಸಿಯೂ ಇರಲಿಲ್ಲ. ಕೈಗೆತ್ತಿಕೊಂಡಿದ್ದ ಪೇಪರ್ ತಟ್ಟೆಗಳನ್ನು ಇದ್ದಲ್ಲೇ ಇಟ್ಟೆ.

ಆ ಹೊತ್ತಿಗೆ ಹೊರಗಿನಿಂದ ಮಿಕೆ ಬಂದಳು. "ಆಂಟಿ, ನಮಗೆ ತಟ್ಟೆ ಬೇಡ. ನಾವು ತಂದಿದ್ದೇವೆ" ಎಂದು ಬಟ್ಟೆಯ ಚೀಲದಿಂದ ಎರಡು ಬಿಳಿ ಎನಾಮೆಲ್ ತಟ್ಟೆ, ಎರಡು ಲೋಟ ತೆಗೆದಳು. ಅಂಚಿಗೆ ನೀಲಿ ಗೆರೆ. "ನಿಮ್ಮ ದೇಶದಲ್ಲಿ ಬೇರೆಯವರ ಮನೆಗೆ ಊಟಕ್ಕೆ ಹೋಗುವಾಗ ತಮ್ಮ ತಟ್ಟೆ ತಾವೇ ಒಯ್ಯುತ್ತಾರೆ ಎಂದು ಅಮ್ಮ ಹೇಳಿದ್ದಾಳೆ. ನೀವು ನಮ್ಮ ಮನೆಗೆ ತರುತ್ತಿದ್ದಿರಲ್ಲ, ಹಾಗೆ. ನಿಮ್ಮ ಮನೆಯಲ್ಲಿ ಎಲೆ ಹಾಕಿದ್ದಿರಿ, ತೆಗೆಯಲೇ ಇಲ್ಲ." ಅವಳ ಮುಖದಲ್ಲಿ ಹೆಮ್ಮೆ ಇತ್ತು, ಪರದೇಶದ ರೀತಿ ರಿವಾಜು ಕಲಿತು ಬಂದವರ ಹೆಮ್ಮೆ.

ಈಗ ಹೇಳಲೇಬೇಕು. ನಾವು ಲಿಂಗಾಯತರು, ಮಾಂಸ ಮುಟ್ಟುವವರಲ್ಲ. ಕಸುಂಗುವಿಗೆ ಹೋದ ಹೊಸದರಲ್ಲಿ ಎಸ್ತರ್ ಊಟಕ್ಕೆ ಕರೆದಳು. ನನಗೋಸ್ಕರ ಹೊಸ ಪಾತ್ರೆ ಕೊಂಡು, ಅದರಲ್ಲಿ ಸೊಪ್ಪು, ಹುರುಳಿಯಂಥ ಕಾಳು ಬೇಯಿಸಿ, ನಮ್ಮ ಮುದ್ದೆಯಂತೆಯೇ ಇರುವ ಅವರ ನ್ಸಿಮಾ ಮಾಡಿದ್ದಳು. ಇಷ್ಟಾದರೂ ನಾನು ಹುಣಸೂರಿನಿಂದ ಒಯ್ದಿದ್ದ ನನ್ನ ಸ್ಟೀಲ್ ತಟ್ಟೆ, ಲೋಟ ಚೀಲದಲ್ಲಿಟ್ಟುಕೊಂಡು ಹೋದೆ. ಅವಳು ತಟ್ಟೆ ಇಟ್ಟಾಗ, "ನಮ್ಮ ದೇಶದಲ್ಲಿ ಯಾರ ಮನೆಗೆ ಹೋದರೂ ನಮ್ಮ ತಟ್ಟೆ ನಾವೇ ಒಯ್ಯುತ್ತೇವೆ, ಅದೇ ಮರ್ಯಾದೆ" ಎಂದು ಸುಳ್ಳು ಹೇಳಿದೆ. ಅವಳು, "ಒಳ್ಳೆಯ ಪದ್ಧತಿ" ಎಂದು ತನ್ನ ತಟ್ಟೆ ಎತ್ತಿಟ್ಟಳು. ಎಂಟು ವರ್ಷ ಆ ಚೀಲ ಹಿಡಿದುಕೊಂಡು ಹೋಗಿ ಬಂದೆ. ಮಿಕೆ ಅದನ್ನು ನೋಡುತ್ತಲೇ ಬೆಳೆದಳು.

ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಎಸ್ತರ್ ಮುದ್ದೆಯನ್ನು ಮುರಿದು, ಅಂಗೈಯಲ್ಲಿ ಉರುಳಿಸಿ, ಬಸ್ಸಾರಿನಲ್ಲಿ ಅದ್ದಿ ತಿಂದದ್ದನ್ನು ಭಾವ ಕಣ್ಣರಳಿಸಿ ನೋಡಿದರು. "ಅಗೀಬ್ಯಾಡಿ ಕಣ್ರೀ, ನುಂಗಿ" ಎಂದು ತೋರಿಸಿಕೊಟ್ಟರು. ಅಷ್ಟರಲ್ಲಿ ಪಕ್ಕದ ಹೊಲದವರು ಮಳೆಗೆ ಗೋಣಿಕೊಪ್ಪೆ ಹಾಕಿಕೊಂಡು ಏನೋ ಕೇಳಲು ಬಂದರು. ಶಿವಮ್ಮಕ್ಕ, "ಕುಂತ್ಕಳಣ್ಣ, ಒಂದು ಮುದ್ದೆ ಉಂಡೋಗು" ಎಂದು ಸ್ಟೀಲ್ ತಟ್ಟೆ ಇಟ್ಟು ಬಡಿಸಿದಳು. ಅವರು ಉಂಡರು. ಮಿಕೆಯ ಕೈ ತುತ್ತಿನ ಜೊತೆ ಅಲ್ಲೇ ನಿಂತಿತು. ಆ ತಟ್ಟೆ ನೋಡಿದಳು, ನಮ್ಮೆಲ್ಲರ ತಟ್ಟೆ ನೋಡಿದಳು, ತನ್ನದನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ಊಟ ಮುಗಿಸಿದಳು. ತಟ್ಟೆ ತೊಳೆಯಲು ತಾನೇ ಎದ್ದು ಹಿತ್ತಲಿಗೆ ಹೋದಳು, ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಸಂಜೆ ಹುಣಸೂರಿನ ಮನೆಯ ಮಹಡಿಯಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯುವಾಗ ಹುಡುಗಿ ಜೊತೆಗೆ ಬಂದಳು.

"ಆಂಟಿ, ಆ ಅಂಕಲ್ ತಟ್ಟೆ ತಂದಿರಲಿಲ್ಲ."

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ನಾನು ಕೈಯಲ್ಲಿ ಅವಳದೇ ಅಂಗಿ ಹಿಡಿದುಕೊಂಡು, "ಅವರು ಸಂಬಂಧಿಕರು, ಸಂಬಂಧಿಕರಿಗೆ ಬೇಕಾಗಿಲ್ಲ" ಎಂದೆ.

"ಓ" ಎಂದಳು ಮಿಕೆ. ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಳಗೆ ಹೋದಳು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಮೈಸೂರು ಬಸ್ ಸ್ಟ್ಯಾಂಡ್. ವಿಮಾನ ನಿಲ್ದಾಣದ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಎಸ್ತರ್ ಒಬ್ಬಳ ಪೆಟ್ಟಿಗೆ ಮಾತ್ರ ಬಸ್ಸು ನಿಲ್ಲುವ ಕಡೆ ಇಳಿಸಿದೆವು, ಮಿಕೆಯದು ಕಾರಿನಲ್ಲೇ ಉಳಿಯಿತು. ಮಿಕೆಯ ಟಿಕೆಟ್ ರದ್ದಾಗಿತ್ತು. ನನಗೆ ಎದೆ ತುಂಬಿ ಬಂತು, ಬಚಾವಾದೆ ಅನ್ನಿಸಿತು. ನಮ್ಮವರೂ ಹುಡುಗಿಯೂ ನೀರಿನ ಬಾಟಲಿ ತರಲು ಹೋದಾಗ ಎಸ್ತರ್ ನನ್ನ ಕೈ ಹಿಡಿದುಕೊಂಡಳು.

"ಮಿಕೆ ಇಲ್ಲೇ ಓದುತ್ತಾಳೆ. ನಿನ್ನ ಮನೆಯಲ್ಲಿ ಅಲ್ಲ. ನಮ್ಮ ದೇಶದ ಇಬ್ಬರು ಹುಡುಗಿಯರು ಇಲ್ಲಿ ಒಂದು ರೂಮು ಮಾಡಿಕೊಂಡಿದ್ದಾರೆ. ನಿನ್ನೆ ಫೋನಿನಲ್ಲಿ ಮಾತಾಡಿದೆವು, ಅವರ ಜೊತೆ ಇರುತ್ತಾಳೆ."

"ಶಿವಮ್ಮಕ್ಕನ ಮಾತು ಬಿಡು" ಎಂದೆ. "ಅವಳಿಗೆ ನಾನು ಅಲ್ಲೇ ಸರಿಯಾಗಿ ಬೈದೆ. ನಿನಗೆ ಗೊತ್ತಿಲ್ಲ, ಅಡುಗೆಮನೆಯಲ್ಲಿ..."

"ಕೇಳಿಸಿತು. ನೀನು ಬೈದರೆ ಭಾಷೆ ಬರಬೇಕಾಗಿಲ್ಲ, ಗಿರಿಜಾ." ಅವಳು ನಗುತ್ತಲೇ ಇದ್ದಳು. "ಮೊದಲ ದಿನವೇ ನನಗೆ ಗೊತ್ತಿತ್ತು. ಕಸುಂಗುವಿನಲ್ಲಿ, ನೀನು ಚೀಲದಿಂದ ತಟ್ಟೆ ತೆಗೆದಾಗಲೇ. ನಮ್ಮಲ್ಲೂ ಗುಜರಾತಿಗಳ ಅಂಗಡಿಗಳಿವೆ, ಯಾರು ಯಾಕೆ ಏನು ಮಾಡುತ್ತಾರೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ನನ್ನ ಗಂಡ ರೇಗಿದ. ಅದು ಅವರ ಪದ್ಧತಿ ಎಂದು ಅವನಿಗೂ ಮಗಳಿಗೂ ನಾನೇ ಹೇಳಿ ನಂಬಿಸಿದೆ. ನೀನು ನಮ್ಮ ಮನೆಗೆ ಬರುವುದು ನಿಲ್ಲಬಾರದು ಅಂತ. ಇಲ್ಲಿಗೆ ಬರುವಾಗ ತಟ್ಟೆ ತಂದದ್ದೂ ಅದಕ್ಕೇ. ಯಾರಾದರೂ ಅವಳ ಮುಂದೆ ಬೇರೆ ತಟ್ಟೆ ಇಡುವುದನ್ನು ಅವಳು ನೋಡುವುದು ಬೇಡ ಅಂತ. ನಿನ್ನೆ ಅವಳೇ ಕೇಳಿದಳು. ಇನ್ನು ಸುಳ್ಳು ಹೇಳಲು ನನಗೆ ಆಗಲಿಲ್ಲ. ನೀನು ಹೇಳಿರುತ್ತೀಯೇನೋ ಅಂದುಕೊಂಡಿದ್ದೆ."

ಅವಳು ನನ್ನ ಕೈ ಬಿಡಲಿಲ್ಲ.

"ನನಗೋಸ್ಕರ ನೀನು ಬಸ್ಸಿನವನ ಜೊತೆ, ಟೀ ಅಂಗಡಿಯವನ ಜೊತೆ, ಊರಿನವರೆಲ್ಲರ ಜೊತೆ ಜಗಳ ಆಡಿದೆ. ಇನ್ನೂ ಆಡುತ್ತೀಯ, ನನಗೆ ಗೊತ್ತು. ನಿನ್ನ ತಟ್ಟೆ ಮಾತ್ರ ಕೊಡಲಿಲ್ಲ."

ಬಸ್ಸು ಬಂತು. ಅವಳು ನನ್ನನ್ನು ಅಪ್ಪಿಕೊಂಡು ಹತ್ತಿ ಕುಳಿತಳು. ಕಿಟಕಿಯಿಂದ ಕೈ ಬೀಸಿದ್ದು ಮಗಳಿಗೋ ನನಗೋ ತಿಳಿಯಲಿಲ್ಲ. ಆಮೇಲೆ ಮಿಕೆಯನ್ನು ಅವಳ ರೂಮಿಗೆ ಬಿಟ್ಟೆವು. ಎರಡನೇ ಮಹಡಿ, ಬಾಗಿಲಲ್ಲಿ ಇಬ್ಬರು ಹುಡುಗಿಯರು ನಗುತ್ತಾ ಕಾಯುತ್ತಿದ್ದರು. ಮಿಕೆ ಎಡಗೈಯಿಂದ ಬಲ ಮೊಣಕೈ ಹಿಡಿದು, ಹಿರಿಯರಿಗೆ ಕೊಡುವ ಹಾಗೆ, ನಮ್ಮಿಬ್ಬರ ಕೈ ಕುಲುಕಿದಳು. ಮರ್ಯಾದೆಯಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಒಳಗೆ ಬನ್ನಿ ಎಂದು ಮಾತ್ರ ಕರೆಯಲಿಲ್ಲ.

ಕಾರು ಇಲವಾಲ ದಾಟಿತು. ಮತ್ತೆ ಮಳೆ ಹಿಡಿಯಿತು. ಎಸ್ತರ್ ಹೇಳಿದ್ದನ್ನೆಲ್ಲ ನಮ್ಮವರಿಗೆ ಹೇಳಿ, "ನಿಮಗೆ ಇದು ಗೊತ್ತಿತ್ತಾ?" ಎಂದೆ.

ಅವರು ರಸ್ತೆ ನೋಡುತ್ತಲೇ ಹೇಳಿದರು: "ನಾನು ಅವರ ತಟ್ಟೇಲೇ ಉಣ್ತಿದ್ದೆ ಕಣೆ. ಬ್ಯಾರನ್ ಕೆಲಸ ಇದ್ದಾಗೆಲ್ಲ ಮಧ್ಯಾಹ್ನ ಅವರ ಮನೇಲೇ ಊಟ, ಮಿಕೆ ಸ್ಕೂಲಿಗೆ, ಅವಳಪ್ಪ ಕೆಲಸಕ್ಕೆ ಹೋಗಿರೋ ಹೊತ್ತಲ್ಲಿ. ಸೊಪ್ಪಿನ ಪಲ್ಯ, ಕಾಳು. ಎಂಟು ವರ್ಷಾನೂ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಕೂಗಾಡ್ತೀಯ ಅಂತ."

ಗಾಡಿ ನಿಲ್ಲಿಸಿ ಎಂದೆ. ನಿಲ್ಲಿಸಿದರು. ಮಳೆಯಲ್ಲೇ ಇಳಿದು ಮೈಸೂರಿನ ಕಡೆಗೆ ಮುಖ ಮಾಡಿ ನಿಂತೆ. ಸಿಟ್ಟು ಬಂದಿತ್ತು, ಯಾರಿಗಾದರೂ ಬೈಯಲೇಬೇಕಿತ್ತು. ಬೈಸಿಕೊಳ್ಳಬೇಕಾದವಳು ನಾನೇ ಆಗಿದ್ದೆ. ಅವಳಿಗೆ ಬೈದು ನನಗೆ ಅಭ್ಯಾಸವೇ ಇರಲಿಲ್ಲ.